ದೋಣಿಯ ಅಧ್ಯಾಯ

ಮಾರ್ಚ್ 4

ಪ್ರೀತಿಯ ಅಕ್ಕನಿಗೆ,

ಫೋನ್ ಮಾಡಿದಾಗೆಲ್ಲ ನೀನು ಯಾವುದೋ ಕಟ್ಟಡದ ಲಿಫ್ಟ್ ರಿಪೇರಿಗೆ ಅದರ ಗುಂಡಿಯೊಳಗೆ ಇಳಿದಿರುತ್ತೀಯ. ಸಿಗ್ನಲ್ ಇರುವುದಿಲ್ಲ, ಇದ್ದರೂ ಕೈಗೆಲ್ಲ ಗ್ರೀಸ್. ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ. ಓದುಗರು ಬರೆದದ್ದನ್ನು ಬರೆದ ಹಾಗೇ ಕಳಿಸು ಅಂದಿದ್ದೆಯಲ್ಲ.

ಈ ಕಾಗದ ನಿನ್ನ ಪ್ರಕಾಶಕರಿಗೂ ತೋರಿಸುತ್ತೀಯ ಅಂತ ಗೊತ್ತು. ಅದಕ್ಕೆ ನಮ್ಮ ಗ್ರಂಥಾಲಯದ ಪದ್ಧತಿಯನ್ನು ಬಿಡಿಸಿಯೇ ಹೇಳುತ್ತೇನೆ. ಪ್ರತಿ ಹೊಸ ಪುಸ್ತಕದ ಹಿಂದೆ ಗೆರೆ ಹಾಕಿದ ಒಂದು ಹಾಳೆ ಅಂಟಿಸಿರುತ್ತೇವೆ. ಪುಸ್ತಕ ಹಿಂದಿರುಗಿಸುವಾಗ ಓದುಗರು ಅದರಲ್ಲಿ ಅಭಿಪ್ರಾಯ ಬರೆಯಬೇಕು. ಕೊನೆಗೆ ಒಂದೇ ಒಂದು ಪದ: ‘ಇರಲಿ’ ಅಥವಾ ‘ಹೋಗಲಿ’. ಮೇ 31ಕ್ಕೆ ಎಣಿಕೆ. ‘ಹೋಗಲಿ’ ಹೆಚ್ಚಾದರೆ ಪುಸ್ತಕ ನೆಲಮಾಳಿಗೆಗೆ ಹೋಗುತ್ತದೆ. ಅಲ್ಲಿಗಿಳಿದ ಪುಸ್ತಕ ಮತ್ತೆ ಮೇಲೆ ಬಂದದ್ದನ್ನು ನಾನಂತೂ ಕಂಡಿಲ್ಲ.

ನಿನ್ನ ‘ಮೈನಸ್ ಏಳುನೂರು’ ಕಾದಂಬರಿಯ ಬಗ್ಗೆ ನೀನು ಹೆದರುವ ಅಗತ್ಯವೇ ಇಲ್ಲ. ಸಿಟಿ ಬಸ್ ಕಂಡಕ್ಟರ್ ಬರೆದದ್ದು ನೋಡು: “ಎರಡು ಟ್ರಿಪ್ಪಿನಲ್ಲಿ ಮುಗಿಸಿದೆ. ಒಂದು ಸ್ಟಾಪಿನಲ್ಲಿ ಸೀಟಿ ಊದೋದೇ ಮರೆತೆ. ಇರಲಿ.” ಹತ್ತನೇ ತರಗತಿಯ ಹುಡುಗಿ: “ದಳಪತಿ ಸಾಯಬಾರದಿತ್ತು. ಓದಿ ಅತ್ತುಬಿಟ್ಟೆ. ಇರಲಿ.” ಇನ್ನೊಬ್ಬರು, ಒಬ್ಬ ಹಿರಿಯ ಓದುಗರು: “ಲಿಫ್ಟಿನ ಗುಂಡಿ ಒತ್ತಿದ ಕೂಡಲೇ ಏಳುನೂರು ವರ್ಷ ಕೆಳಗಿಳಿಯುವ ಕಲ್ಪನೆಯೇ ಅಮೋಘ. ಲೇಖಕಿಗೆ ದೀರ್ಘಾಯುಷ್ಯ ಸಿಗಲಿ. ಇರಲಿ.”

ಹೀಗಿದೆ ಸಮಾಚಾರ. ಊಟ ಬಿಟ್ಟು ಬರೆಯಬೇಡ.

ನಿನ್ನ ತಮ್ಮ


ಮಾರ್ಚ್ 12

ತಮ್ಮಣ್ಣಾ,

ನಿನ್ನ ಕಾಗದವನ್ನು ಏಳನೇ ಮಹಡಿಯ ಮೇಲಿನ ಮೆಷಿನ್ ರೂಮಿನಲ್ಲಿ ನಿಂತೇ ಮೂರು ಸಲ ಓದಿದೆ. ಕೆಳಗೆ ಜನ ಲಿಫ್ಟ್ ಯಾಕೆ ಬರಲಿಲ್ಲ ಅಂತ ಬಾಗಿಲು ಬಡಿಯುತ್ತಿದ್ದರು, ಬಡಿಯಲಿ ಅಂತ ಬಿಟ್ಟೆ. ಆಮೇಲೆ ಕಟ್ಟಡದ ವಾಚ್‌ಮನ್‌ಗೂ ಓದಿ ಹೇಳಿದೆ. ಅವರು ಎಲ್ಲ ಕೇಳಿಸಿಕೊಂಡು, “ಅದ್ಸರಿ, ಆ ದಳಪತಿಗೆ ತಿಂಗಳಿಗೆ ಎಷ್ಟು ಕೊಡ್ತಿದ್ರು?” ಅಂದರು.

ಪ್ರಕಾಶಕರು ಒಂದು ಮಾತು ಹೇಳಿದ್ದಾರೆ. ನಿಮ್ಮ ಕಪಾಟಿನಲ್ಲಿ ಉಳಿದ ಪುಸ್ತಕವನ್ನು ಸುತ್ತಲಿನ ಗ್ರಂಥಾಲಯಗಳೂ ಕಣ್ಣು ಮುಚ್ಚಿ ತರಿಸುತ್ತವಂತೆ. ಮೇ 31 ದಾಟಿ ಉಳಿದರೆ ಎರಡನೇ ಭಾಗ ಅಚ್ಚು ಹಾಕುತ್ತಾರೆ. ನೆಲಮಾಳಿಗೆಗೆ ಹೋದರೆ, “ಅಮ್ಮಾ, ನಿಮಗೆ ಕೈಯಲ್ಲಿ ಒಳ್ಳೇ ಕೆಲಸ ಇದೆಯಲ್ಲ” ಅಂದರು. ಆ ಮಾತು ಎದೆಗೆ ನಾಟಿತು. ಹದಿನೆಂಟು ವರ್ಷ ಬೇರೆಯವರನ್ನು ಮೇಲೆ ಕೆಳಗೆ ಕಳಿಸಿದ್ದೇನೆ. ಈ ಪುಸ್ತಕ ಒಂದೇ ನಾನು ನನ್ನ ಇಷ್ಟಕ್ಕೆ ಹೋಗಿ ಬಂದ ಜಾಗ.

ನಿನ್ನ ಕಾಗದ ಬಂದ ಮೇಲೆ ಧೈರ್ಯ ಬಂದು ಹೊಸ ನೋಟ್‌ಬುಕ್ ತಂದು ಎರಡನೇ ಭಾಗದ ಹನ್ನೊಂದು ಪುಟ ಬರೆದೆ. ಒಂದೇ ಅನುಮಾನ. ಬೈದವರು ಯಾರೂ ಇಲ್ಲವೇನೋ? ಬರೀ ಹೊಗಳಿಕೆ ಬಂದರೆ ಜನ ಓದಿಲ್ಲ ಅಂತ ಅರ್ಥ. ಆ ಹಿರಿಯರು ಯಾರು? ‘ದೀರ್ಘಾಯುಷ್ಯ’ ಅಂದದ್ದು ಓದಿ ಕಣ್ಣು ತುಂಬಿತು.

ಅಕ್ಕ


ಮಾರ್ಚ್ 21

ಪ್ರೀತಿಯ ಅಕ್ಕನಿಗೆ,

ಬೈಗುಳವೂ ಬೇಕು ಅಂದೆಯಲ್ಲ, ಇಗೋ. ನಮ್ಮ ಬೀದಿಯ ದರ್ಜಿ: “ಏಳುನೂರು ವರ್ಷ ಹಿಂದೆ ಹೋದ ಹುಡುಗಿಯ ಪ್ಯಾಂಟಿನ ಜಿಪ್ ನೋಡಿ ಕೋಟೆಯಲ್ಲಿ ಒಬ್ಬರಾದರೂ ಏನಿದು ಅಂತ ಕೇಳಬೇಡವೇ? ಹೋಗಲಿ.” ಅವರ ಕಸುಬು ಅವರಿಗೆ, ತಲೆ ಕೆಡಿಸಿಕೊಳ್ಳಬೇಡ.

ಇದಕ್ಕೆ ಉತ್ತರವೆಂಬಂತೆ ನಿವೃತ್ತ ಅಂಚೆಯವರೊಬ್ಬರು ಬರೆದಿದ್ದಾರೆ: “ಮುತ್ತಿಗೆಯ ನಡುವೆ ಮೆಕ್ಯಾನಿಕ್ ಹುಡುಗಿ ನೆಲದಡಿ ಮುಚ್ಚಿಟ್ಟ ದೋಣಿಗಳನ್ನು ಕಂಡುಹಿಡಿದು, ಮುದಿ ಅಂಬಿಗನ ಮನಸ್ಸು ಗೆದ್ದು ಎಂಟು ಹಗ್ಗ ಪಡೆಯುವ ಅಧ್ಯಾಯ ಓದುವಾಗ ಉಸಿರು ಬಿಗಿಹಿಡಿದಿದ್ದೆ. ಇಡೀ ಪುಸ್ತಕಕ್ಕೆ ಅದೇ ಕಳಶ. ಇರಲಿ.”

ನೋಡಿದೆಯಾ? ನಾನೂ ನಿನಗೆ ಅದನ್ನೇ ಹೇಳಿರಲಿಲ್ಲವೇ, ಆ ಅಧ್ಯಾಯ ಬರೆದ ದಿನವೇ?

ನಿನ್ನ ತಮ್ಮ


ಮಾರ್ಚ್ 27

ತಮ್ಮನಿಗೆ,

ದೋಣಿಯ ಅಧ್ಯಾಯ ಪುಸ್ತಕದಲ್ಲಿ ಇಲ್ಲ.

ಹದಿನಾರು ಪುಟ ಹೆಚ್ಚಾಗುತ್ತದೆ, ಹಗ್ಗ ಗಂಟು ಯಾರಿಗೆ ಬೇಕು ಅಂತ ಪ್ರಕಾಶಕರು ಅಚ್ಚಿಗೆ ಮುಂಚೆ ಕಿತ್ತುಹಾಕಿದರು. ಅವರನ್ನು ಬಿಟ್ಟರೆ ಅದನ್ನು ಓದಿರುವವನು ಲೋಕದಲ್ಲಿ ಒಬ್ಬನೇ. ಅವನು ನನ್ನ ಕೈಬರಹದಲ್ಲಿ ಓದಿದ್ದ.

ಅಂಚೆಯವರು ಯಾರು, ದೀರ್ಘಾಯುಷ್ಯದ ಹಿರಿಯರು ಯಾರು ಅಂತ ಕೇಳುವುದಿಲ್ಲ. ಎಷ್ಟು ಅಂತ ಹೇಳು, ಸಾಕು.

ಎರಡನೇ ಭಾಗದ ನೋಟ್‌ಬುಕ್ಕನ್ನು ಮೆಷಿನ್ ರೂಮಿನ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದೇನೆ.

ಅಕ್ಕ


ಏಪ್ರಿಲ್ 10

ಅಕ್ಕ,

ಎರಡು ವಾರದಿಂದ ಈ ಕಾಗದ ಬರೆದು ಹರಿದು ಹಾಕುತ್ತಿದ್ದೇನೆ. ನಾಲ್ಕು. ಅಷ್ಟು ಅಭಿಪ್ರಾಯ ನಾನೇ ಬರೆದದ್ದು, ಬೇರೆ ಬೇರೆ ಶಾಯಿ, ಒಮ್ಮೆ ಎಡಗೈ. ನಿಜವಾದ ‘ಇರಲಿ’ ಎಂಟು, ‘ಹೋಗಲಿ’ ಹದಿಮೂರು. ನನ್ನ ನಾಲ್ಕು ಸುಳ್ಳು ಸೇರಿಸಿದರೂ ಒಂದರಿಂದ ಸೋಲುತ್ತಿದ್ದೆವು. ಕಳ್ಳತನ ಮಾಡುವುದಕ್ಕೂ ಕೂಡಿ ಕಳೆಯಲು ಬರಬೇಕು.

ಇನ್ನೊಂದು ತಪ್ಪೂ ಒಪ್ಪಿಬಿಡುತ್ತೇನೆ. ನಿನ್ನ ಪುಸ್ತಕ ಅಚ್ಚಾಗಿ ಬಂದ ದಿನ ರಟ್ಟು ಸವರಿ, ನಿನ್ನ ಹೆಸರಿನ ಮೇಲೆ ಬೆರಳಾಡಿಸಿ, ಹಾಳೆ ಅಂಟಿಸಿ ಕಪಾಟಿಗಿಟ್ಟೆ. ಕೈಬರಹ ಮೂರು ಸಲ ಓದಿದ್ದೇನಲ್ಲ, ಇನ್ನೇನು ಅಂತ ತೆರೆಯಲೇ ಇಲ್ಲ. ಗ್ರಂಥಾಲಯದಲ್ಲಿ ಕೂತವನು ಪುಸ್ತಕ ಓದದೆ ಸಿಕ್ಕಿಬಿದ್ದೆ.

ಆದರೆ ಅಕ್ಕ, ಒಂದು ಮಾತು ಕೇಳಲೇಬೇಕು. ಆ ಅಂಬಿಗ ನಮ್ಮ ಅಜ್ಜ ಅಲ್ಲವೇ? ಗಿರಣಿಯಲ್ಲಿ ಮೂಟೆ ಎತ್ತುವ ಯಂತ್ರದ ಹಗ್ಗಕ್ಕೆ ನಮ್ಮಿಬ್ಬರನ್ನೂ ಜೋತುಬಿಟ್ಟು, “ಹಗ್ಗಾನ ನಂಬು, ಗಂಟನ್ನ ಮಾತ್ರ ಎರಡು ಸಲ ನೋಡು” ಅನ್ನುತ್ತಿದ್ದ ಅಜ್ಜ? ಅವನನ್ನು ಕಿತ್ತರು, ನೀನು ಒಪ್ಪಿದೆ, ನನಗೊಂದು ಮಾತು ಹೇಳಲಿಲ್ಲ. ನೀನು ಸುಳ್ಳು ಹೇಳಲಿಲ್ಲ, ಸರಿ. ನಿಜವನ್ನೂ ಹೇಳಲಿಲ್ಲ.

ಹಾಳೆಯನ್ನು ಈ ಸಲ ಪೂರ್ತಿ ನಕಲು ಮಾಡಿ ಇಟ್ಟಿದ್ದೇನೆ, ಒಂದಕ್ಷರವೂ ಬಿಟ್ಟಿಲ್ಲ. ಕೂತುಕೊಂಡು ಓದು.

ತಮ್ಮ


ಏಪ್ರಿಲ್ 16

ತಮ್ಮಣ್ಣಾ,

ಗುಂಡಿಯೊಳಗೆ ಬಕೆಟ್ ಬೋರಲು ಹಾಕಿ ಕೂತು ಓದಿದೆ. ಮೊದಲು ಸಿಟ್ಟು ಬಂತು. ಔಷಧಿ ಅಂಗಡಿಯಾಕೆ: “ಕೋಟೆಯೊಳಗಿನ ಜ್ವರದ ವಿವರ ಸರಿಯಾಗಿದೆ. ಪ್ರೇಮದ ಡೋಸು ಹೆಚ್ಚಾಯಿತು. ಹೋಗಲಿ.” ‘ದಳಪತಿ ಸಾಯಬಾರದಿತ್ತು’ ಎಂಬುದರ ಕೆಳಗೇ ಯಾರೋ, “ಇನ್ನೂ ಬೇಗ ಸಾಯಬೇಕಿತ್ತು. ಹೋಗಲಿ” ಅಂತ ಬರೆದದ್ದು ಓದಿದಾಗ ನಗು ಬಂದುಬಿಟ್ಟಿತು. ಗುಂಡಿಯಲ್ಲಿ ಒಬ್ಬಳೇ ನಕ್ಕರೆ ಏಳು ಮಹಡಿಗೂ ಕೇಳಿಸುತ್ತದೆ.

ಆಮೇಲೆ ಆ ಗಣಿತದ ಮೇಷ್ಟ್ರು. ಅವರದನ್ನು ನಾನೇ ಇಲ್ಲಿ ಮತ್ತೆ ಬರೆಯುತ್ತೇನೆ, ಬಾಯಿಪಾಠ ಆಗಿದೆ: “ಪುಟ 190. ಮುರಿದುಬಿದ್ದ ನಲವತ್ತು ಮಣದ ಕೋಟೆ ಬಾಗಿಲು. ಎತ್ತುವವಳು ಒಬ್ಬಳೇ ಹುಡುಗಿ. ಇನ್ನೊಂದು ತುದಿಗೆ ಕಲ್ಲಿನ ಬುಟ್ಟಿ ಕಟ್ಟಿದಳಂತೆ, ಒಪ್ಪಿದೆ. ಹಗ್ಗ ಎಲ್ಲಿಂದ ಬಂತು? ಪುಟ 110ರಲ್ಲಿ ಜನ ಮಂಚದ ಹಗ್ಗವನ್ನೂ ಬಿಡದೆ ಒಲೆಗೆ ಹಾಕಿದರು ಎಂದು ಲೇಖಕಿಯೇ ಬರೆದಿದ್ದಾರೆ. ಓದುಗರನ್ನು ದಡ್ಡರೆಂದು ತಿಳಿದ ಪುಸ್ತಕ. ಹೋಗಲಿ.” ಅದರ ಕೆಳಗೆ ಐದು ಜನ, “ಮೇಷ್ಟ್ರು ಹೇಳಿದ್ದು ಸರಿ. ಹೋಗಲಿ.”

ಪ್ರಕಾಶಕರು ಕಿತ್ತ ಜಾಗಕ್ಕೇ ಸರಿಯಾಗಿ ಬೆರಳಿಟ್ಟಿದ್ದಾರೆ ಆ ಪುಣ್ಯಾತ್ಮ. ಹಗ್ಗ ಅಜ್ಜನ ಹತ್ತಿರ ಇತ್ತು, ಅಜ್ಜನನ್ನು ನಾನು ಹೊರಗೆ ಕಳಿಸಿದ್ದೆ. ನಿನಗೆ ಹೇಳದೆ ಇದ್ದದ್ದು ನಾಚಿಕೆಯಿಂದ. ಮೊದಲ ಪುಸ್ತಕ, ಎಲ್ಲಿ ಬೇಡ ಅಂದುಬಿಡುತ್ತಾರೋ ಅಂತ ತಲೆಯಾಡಿಸಿದೆ. ತಪ್ಪಾಯಿತು ಕಣೋ.

ಈಗ ಕೇಳು. ಮೊದಲು ಹೋಗಿ ನಿನ್ನ ಗ್ರಂಥಪಾಲಕಿ ಮೇಡಂ ಮುಂದೆ ನಿಜ ಹೇಳು. ನಿನ್ನ ನಾಲ್ಕನ್ನೂ ಅವರೆದುರೇ ಹೊಡೆದುಹಾಕು. ಎಂಟಕ್ಕೆ ಹದಿಮೂರು ಅಂದರೆ ಎಂಟಕ್ಕೆ ಹದಿಮೂರೇ. ಇದರ ಜೊತೆ ದೋಣಿಯ ಅಧ್ಯಾಯ ಇಟ್ಟಿದ್ದೇನೆ. ಅದನ್ನು ಪುಸ್ತಕದ ಜೊತೆ ಓದಲು ಕೊಡಬಹುದೇ ಕೇಳು. ಮೇಷ್ಟ್ರಿಗೆ ಮಾತಲ್ಲಿ ಹೇಳಿ ಪ್ರಯೋಜನವಿಲ್ಲ, ಬಾಗಿಲು ಎತ್ತಿಯೇ ತೋರಿಸು. ಲಿಫ್ಟನ್ನು ಮೋಟಾರು ಎತ್ತುತ್ತದೆ ಅಂತ ಜನ ತಿಳಿದಿದ್ದಾರೆ. ಹಿಂದೆ ಗೋಡೆಗಂಟಿ ಅಷ್ಟೇ ಭಾರದ ಕೌಂಟರ್‌ವೇಟ್ ಇಳಿಯುತ್ತಿರುತ್ತದೆ, ಮೋಟಾರು ಸುಮ್ಮನೆ ತಳ್ಳುತ್ತದೆ. ಒಂದು ಪೆಟ್ಟಿಗೆ, ಎರಡು ರಾಟೆ, ಹಗ್ಗ, ಇನ್ನೊಂದು ತುದಿಗೆ ಅಷ್ಟೇ ತೂಕ. ಚಿತ್ರ ಹಾಕಿದ್ದೇನೆ. ಎರಡೂ ಕಡೆ ತೂಗಿ ನೋಡದೆ ಕೈ ಬಿಡಬೇಡ.

ನಾನು ಬರುವುದಿಲ್ಲ. ಲೇಖಕಿ ಎದುರಿಗೆ ನಿಂತರೆ ಮುಲಾಜಿಗೆ ‘ಇರಲಿ’ ಅಂದುಬಿಡುತ್ತಾರೆ. ಮುಲಾಜಿನದು ನನಗೆ ಬೇಡ.

ಅಕ್ಕ


ಮೇ 6

ಅಕ್ಕ,

ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದೇನೆ, ಕಾರಣ ಇದೆ. ಮೇಡಂ ಎಲ್ಲ ಕೇಳಿ ಕನ್ನಡಕ ತೆಗೆದು ಒರೆಸಿದರು. ಒರೆಸುತ್ತಲೇ ಇದ್ದರು. “ನಿನ್ನ ಕೈಗೆ ಇನ್ನು ಒಂದು ತಿಂಗಳು ಪೆನ್ನು ಕೊಡಲ್ಲ. ಬಟ್ಟೆ ಕೊಡ್ತೀನಿ, ಕಪಾಟು ಒರೆಸು” ಅಂದರು. ಆ ಪುಸ್ತಕದ ಹಾಳೆಯಲ್ಲಿ ನನಗೆ ಎಂದೆಂದಿಗೂ ಮತವಿಲ್ಲ. ನಾಲ್ಕನ್ನೂ ಅವರೇ ಕೆಂಪು ಶಾಯಿಯಲ್ಲಿ ಹೊಡೆದು ಪಕ್ಕದಲ್ಲಿ ಕಾರಣ ಬರೆದರು. ಈಗ ಇಡೀ ಊರಿಗೆ ಗೊತ್ತು. ಮೊನ್ನೆ ಕಂಡಕ್ಟರ್ ಬಸ್ಸಿನಲ್ಲಿ ನನಗೆ ಟಿಕೆಟ್ ಕೊಡುತ್ತಾ, “ಒಂದೇ ಸಾಕಾ, ನಾಲ್ಕು ಬೇಕಾ?” ಅಂದರು.

ದೋಣಿಯ ಅಧ್ಯಾಯದ ಬಗ್ಗೆ ಮೇಡಂ ನಿಯಮದ ಪುಸ್ತಕ ತೆಗೆದು ನೋಡಿದರು. ಪುಸ್ತಕಕ್ಕೆ ಏನೂ ಸೇರಿಸುವಂತಿಲ್ಲ. ಲೇಖಕರೇ ಕಳಿಸಿದ ತಪ್ಪು-ಒಪ್ಪು ಪಟ್ಟಿ ಮಾತ್ರ ಅಂಟಿಸಬಹುದು. “ಹದಿನಾರು ಪುಟದ ತಪ್ಪು-ಒಪ್ಪು ನಾನು ಹುಟ್ಟಿದ ಮೇಲೆ ನೋಡಿಲ್ಲ” ಅಂತ ಹೇಳಿ ತಾವೇ ಗೋಂದು ಹಚ್ಚಿದರು. ಮೊದಲು ಬರೆದವರು ಮತ್ತೆ ಓದಿದರೆ ತಮ್ಮ ಅಭಿಪ್ರಾಯವನ್ನು ಒಮ್ಮೆ ತಿದ್ದಬಹುದು, ಅದೂ ನಿಯಮದಲ್ಲೇ ಇದೆಯಂತೆ.

ಇನ್ನು ಬಾಗಿಲು. ವಾಚನಾಲಯದ ಕಬ್ಬಿಣದ ತೊಲೆಗೆ ರಾಟೆ ಕಟ್ಟಿದೆ. ಪೆಟ್ಟಿಗೆ ತುಂಬ ನಿಘಂಟು. ಈ ಕಡೆ ಹಳೆಯ ದಿನಪತ್ರಿಕೆಗಳ ರಟ್ಟು ಹಾಕಿದ ಕಟ್ಟುಗಳು. ಕಣ್ಣಂದಾಜಿನಲ್ಲಿ ಸರಿಯಾಗಿದೆ ಅನ್ನಿಸಿತು. ಮೇಷ್ಟ್ರು ಮುಂದಿನ ಕುರ್ಚಿಯಲ್ಲಿ ಕೈಕಟ್ಟಿ ಕೂತಿದ್ದರು. ನಾನು ಕೈ ಬಿಟ್ಟೆ. ಹಳೇ ಸುದ್ದಿಗೆ ಅಷ್ಟು ತೂಕ ಇರುತ್ತೆ ಅಂತ ಯಾರಿಗೆ ಗೊತ್ತು? ಪೆಟ್ಟಿಗೆ ರೊಯ್ಯನೆ ಮೇಲೆ ಹೋಗಿ ತೊಲೆಗೆ ಬಡಿದು, ಅ ಇಂದ ಳ ವರೆಗೆ ಎಲ್ಲ ಸಂಪುಟಗಳೂ ಕೆಳಗೆ ಬಂದವು. ಯಾರಿಗೂ ಪೆಟ್ಟಾಗಲಿಲ್ಲ, ನನ್ನ ಮಾನಕ್ಕೆ ಬಿಟ್ಟು.

ಮೇಷ್ಟ್ರು ನಕ್ಕರು. ಅವರು ನಕ್ಕದ್ದನ್ನು ನೋಡಿದವರು ಈ ಊರಲ್ಲಿ ಕಡಿಮೆ. “ಅಕ್ಕನ ಲೆಕ್ಕ ಸರಿಯೋ ತಪ್ಪೋ ಆಮೇಲೆ ನೋಡೋಣ, ತಮ್ಮನ ಲೆಕ್ಕ ಮಾತ್ರ ಪೂರ್ತಿ ತಪ್ಪು” ಅಂದು ಎದ್ದು ಹೋದರು. ಹೋಗುವಾಗ ನಿನ್ನ ಚಿತ್ರವನ್ನು ಮಡಿಸಿ ಜೇಬಿಗಿಟ್ಟುಕೊಂಡರು.

ತಮ್ಮ


ಮೇ 13

ತಮ್ಮಣ್ಣಾ,

ತೂಗದೆ ಕೈ ಬಿಡಬೇಡ ಅಂತ ಗೆರೆ ಎಳೆದು ಬರೆದಿದ್ದೆ. ನನ್ನ ಕೈಕೆಳಗೆ ಕೆಲಸ ಮಾಡುವವರು ಹೀಗೆ ಮಾಡಿದ್ದರೆ ಅವತ್ತೇ ಮನೆಗೆ ಕಳಿಸುತ್ತಿದ್ದೆ. ನಿನ್ನ ಕಾಲ ಮೇಲೆ ನಿಘಂಟು ಬಿದ್ದಿದ್ದರೆ ಅಮ್ಮನಿಗೆ ನಾನೇನು ಹೇಳಬೇಕಿತ್ತು?

ಮೇಷ್ಟ್ರು ಚಿತ್ರ ತೆಗೆದುಕೊಂಡು ಹೋದದ್ದು ನನ್ನನ್ನು ಊರ ಮುಂದೆ ಇನ್ನಷ್ಟು ಚೆನ್ನಾಗಿ ಬೈಯುವುದಕ್ಕೇ ಇರಬೇಕು. ಆಗಲಿ. ಎರಡು ದಿನದಿಂದ ಯಾವ ಲಿಫ್ಟಿಗೆ ಹತ್ತಿದರೂ ನೆಲಮಾಳಿಗೆಯ ಗುಂಡಿಯೇ ಕಣ್ಣಿಗೆ ಬೀಳುತ್ತಿದೆ. ಇನ್ನು ಹದಿನೆಂಟು ದಿನ. ಏನಾದರೂ ಆಗಲಿ, ನನಗೆ ನಿಜವನ್ನೇ ಬರೆ.

ಅಕ್ಕ


ಮೇ 31

ಅಕ್ಕ, ನನ್ನ ಅಕ್ಕ,

ಮೇಡಂ ಇವತ್ತು ಪೆನ್ನು ವಾಪಸ್ ಕೊಟ್ಟರು. ಅದರಲ್ಲಿ ಬರೆಯುವ ಮೊದಲ ಸಾಲು ಇದು: ‘ಇರಲಿ’ ಇಪ್ಪತ್ತು, ‘ಹೋಗಲಿ’ ಹತ್ತು. ಎಣಿಸಿದವರು ಮೇಡಂ. ನಾನು ದೂರದಲ್ಲಿ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದೆ.

ಮೇಷ್ಟ್ರ ವಿಷಯ ನೀನು ತಪ್ಪು ತಿಳಿದೆ. ಅವರು ಚಿತ್ರ ಒಯ್ದವರು, ಮಾರನೇ ದಿನ ಬಂದು ಪುಸ್ತಕವನ್ನೂ ಒಯ್ದು, ಆಮೇಲೆ ಒಂದು ವಾರ ಬರಲೇ ಇಲ್ಲ. ಬಂದಾಗ ಕೈಯಲ್ಲಿ ಮನೆಯ ತೂಕದ ಯಂತ್ರ, ಬಗಲಲ್ಲಿ ನಿನ್ನ ಪುಸ್ತಕ. ದೋಣಿಯ ಅಧ್ಯಾಯ ಓದಿ ಮುಗಿಸಿದ್ದರು. “ಎಂಟು ಹಗ್ಗ ಅಂತ ಬರೆದಿದ್ದಾಳೆ. ಒಂದೊಂದಕ್ಕೆ ಐದು ಮಣ ಭಾರ. ದೋಣಿ ಎಳೆಯೋ ಹಗ್ಗ ತಡೆಯುತ್ತೆ. ಈಗ ನೀನು ಸುಮ್ನಿರು, ನಾನು ಕಟ್ತೀನಿ” ಅಂದರು. ಒಂದೊಂದೇ ನಿಘಂಟು ತೂಗಿದರು, ಒಂದೊಂದೇ ಪತ್ರಿಕೆ ಕಟ್ಟು ತೂಗಿದರು, ಸಾಲದ್ದಕ್ಕೆ ಕೊನೆಗೆ ತಮ್ಮ ಕನ್ನಡಕದ ಡಬ್ಬಿಯನ್ನೂ ಸೇರಿಸಿದರು. ಅಂಬಿಗ ಹೇಳುವ ಹಾಗೆ ಗಂಟನ್ನು ಎರಡು ಸಲ ನೋಡಿದರು. ನಾನು ಹೇಳಿಕೊಟ್ಟಿರಲಿಲ್ಲ ಅಕ್ಕ, ಅವರು ಪುಸ್ತಕದಿಂದ ಕಲಿತದ್ದು ಅದು.

ವಾಚನಾಲಯದಲ್ಲಿ ಕಾಲಿಡಲು ಜಾಗವಿರಲಿಲ್ಲ. ದರ್ಜಿ ಕತ್ತಿಗೆ ಹಾಕಿದ ಟೇಪಿನೊಂದಿಗೇ ಬಂದಿದ್ದರು. ಮೇಷ್ಟ್ರು ಎರಡು ಬೆರಳಿನಿಂದ ಹಗ್ಗ ಎಳೆದರು. ನಲವತ್ತು ಕಿಲೋ ಪೆಟ್ಟಿಗೆ ಸದ್ದಿಲ್ಲದೆ ಮೇಲೆದ್ದಿತು. ನಿಲ್ಲಿಸಿದ ಕಡೆ ನಿಂತಿತು. ಅವರು ಅದನ್ನು ಇಳಿಸಿ, ಮತ್ತೆ ಎತ್ತಿ, ಹತ್ತನೇ ತರಗತಿಯ ಹುಡುಗಿಯನ್ನು ಕರೆದು ಅವಳ ಕೈಗೆ ಹಗ್ಗ ಕೊಟ್ಟರು. ಅವಳು ಎತ್ತಿದಾಗ ಕಂಡಕ್ಟರ್ ಸೀಟಿ ಊದಿಬಿಟ್ಟರು. ವಾಚನಾಲಯದಲ್ಲಿ ಮೌನ ಪಾಲಿಸಿ ಅಂತ ಬೋರ್ಡಿದೆ. ಅದರ ಕೆಳಗೇ ನಿಂತು ಮೇಡಂ ಚಪ್ಪಾಳೆ ತಟ್ಟುತ್ತಿದ್ದರು.

ಆಮೇಲೆ ಇರುವುದೊಂದೇ ಪ್ರತಿಗೆ ಸರದಿ. ಮನೆಗೆ ಕೊಟ್ಟರೆ ದಿನ ಸಾಲದು ಅಂತ ವಾಚನಾಲಯದಲ್ಲೇ ಕೂತು ಓದಿದರು. ಹಾಳೆ ತುಂಬಿ ಎರಡನೆಯದು ಅಂಟಿಸಿದೆವು. ಎಲ್ಲರೂ ಬದಲಾದರು ಅಂದುಕೊಳ್ಳಬೇಡ. ದರ್ಜಿ: “ಹಗ್ಗ ಸಿಕ್ಕಿತು, ಸಂತೋಷ. ಜಿಪ್ಪಿನ ವಿಷಯ ಹಾಗೇ ಉಳಿದಿದೆ. ಹೋಗಲಿ.” ಔಷಧಿ ಅಂಗಡಿಯಾಕೆ ಡೋಸು ಇಳಿಸಲು ಒಪ್ಪಿಲ್ಲ. ಮೇಷ್ಟ್ರ ಬೆನ್ನಿಗಿದ್ದ ಐವರಲ್ಲಿ ನಾಲ್ವರು ತಿದ್ದಿದರು, ಐದನೆಯವರು “ಮೇಷ್ಟ್ರೇ ಬದಲಾದರೆ ನಾನೇನು ಮಾಡಲಿ, ನಾನು ಬದಲಾಗಲ್ಲ” ಅಂದರು. ಮೇಷ್ಟ್ರು ಬರೆದದ್ದು ಇದು: “ಹಿಂದಿನದನ್ನು ನಾನೇ ಹೊಡೆದಿದ್ದೇನೆ. ಹಗ್ಗ ಸಿಕ್ಕಿತು. ಲೆಕ್ಕ ಸರಿ. ಪ್ರೇಮದ ಲೆಕ್ಕ ನನಗೆ ಬರುವುದಿಲ್ಲ, ಅದನ್ನು ಬಿಟ್ಟಿದ್ದೇನೆ. ಮುಂದಿನ ಭಾಗದಲ್ಲಿ ಅಂಬಿಗ ಬರುತ್ತಾನೆಯೇ? ಇರಲಿ.”

ನನಗೆ ಮತವಿಲ್ಲ. ಆದರೂ ಕಪಾಟು ಒರೆಸುತ್ತಾ ನಿನ್ನ ಪುಸ್ತಕವನ್ನು ಕೊನೆಗೂ ಮೊದಲಿಂದ ಓದಿದೆ. ನಿಜ ಬರೆ ಅಂದಿದ್ದೀಯ, ಬರೆಯುತ್ತೇನೆ. ದಳಪತಿ ಮೂರು ಪುಟ ಹೆಚ್ಚು ಮಾತಾಡುತ್ತಾನೆ. ನಡುವೆ ಒಂದು ಕಡೆ ಆಕಳಿಸಿದೆ. ಬಾಗಿಲು ಮೇಲೆದ್ದು ಹಸಿದ ಜನ ಒಬ್ಬೊಬ್ಬರಾಗಿ ಬೆಳಕಿಗೆ ಬರುವಾಗ ಧೂಳಿನ ಬಟ್ಟೆಯಲ್ಲೇ ಕಣ್ಣೊರೆಸಿಕೊಂಡೆ, ಸಂಜೆಯವರೆಗೆ ಉರಿಯಿತು. ಇಷ್ಟು ಒಳ್ಳೆಯ ಪುಸ್ತಕಕ್ಕೆ ನನ್ನ ಸುಳ್ಳು ಬೇಕಿರಲಿಲ್ಲ.

ನಿನ್ನ ತಮ್ಮ


ಜೂನ್ 6

ತಮ್ಮಣ್ಣಾ,

ಕಾಗದ ಬಂದಾಗ ಲಿಫ್ಟ್ ಮೂರು ಮತ್ತು ನಾಲ್ಕನೇ ಮಹಡಿಯ ನಡುವೆ ನಿಂತಿತ್ತು, ಒಳಗೆ ನಾನಿದ್ದೆ. ವಾಚ್‌ಮನ್ ಬಾಗಿಲ ಸಂದಿಯಿಂದ ತೂರಿಸಿ ಕೊಟ್ಟರು. ಅಲ್ಲೇ ಓದಿದೆ, ಅಲ್ಲೇ ಅತ್ತೆ, ಆಮೇಲೆ ರಿಪೇರಿ ಮಾಡಿ ನೇರ ಮೇಲಕ್ಕೆ ಹೋಗಿ ಕಪಾಟಿನ ಬೀಗ ತೆಗೆದೆ.

ಪ್ರಕಾಶಕರಿಗೆ ಫೋನ್ ಮಾಡಿದೆ. ಎರಡನೇ ಭಾಗ ಕೊಡುತ್ತೇನೆ, ಆದರೆ ಮೊದಲ ಭಾಗದ ಮರುಮುದ್ರಣದಲ್ಲಿ ದೋಣಿಯ ಅಧ್ಯಾಯ ಇರಬೇಕು, ಹದಿನಾರು ಪುಟದಲ್ಲಿ ಒಂದು ಸಾಲೂ ಕಡಿಮೆಯಾಗಬಾರದು ಅಂದೆ. “ಹಗ್ಗ ಗಂಟು ಯಾರಿಗಮ್ಮ ಬೇಕು” ಅಂತ ಶುರು ಮಾಡಿದರು. “ಇಪ್ಪತ್ತು ಜನಕ್ಕೆ ಬೇಕು, ಹೆಸರು ವಿಳಾಸ ನನ್ನ ತಮ್ಮನ ಹತ್ತಿರ ಇದೆ” ಅಂದೆ. ಒಪ್ಪಿದರು. ಈ ಸಲ ತಲೆಯಾಡಿಸಿದ್ದು ಅವರು.

ಮೇಷ್ಟ್ರಿಗೆ ಹೇಳು, ಅಂಬಿಗ ಬರುತ್ತಾನೆ. ದರ್ಜಿಗೆ ಹೇಳು, ಮೊದಲ ಪುಟದಲ್ಲೇ ಒಬ್ಬ ಮುದುಕಿ ಆ ಜಿಪ್ ಎಳೆದು ನೋಡಿ ಬೆಚ್ಚಿಬೀಳುತ್ತಾಳೆ. ದಳಪತಿ ಸತ್ತಾಗಿದೆ, ಅವನ ಮಾತಿನ ಕಾಟ ಇನ್ನಿಲ್ಲ.

ಇನ್ನೊಂದು ಹೊಸ ಪಾತ್ರ ಇದೆ. ಕೋಟೆಯಲ್ಲಿ ಓಲೆಗರಿ ಕಾಯುವವನು. ಮೆಕ್ಯಾನಿಕ್ ಹುಡುಗಿಯನ್ನು ಉಳಿಸಲು ದೊರೆಯ ಮುಂದೆ ಸುಳ್ಳು ಹೇಳಲು ಹೋಗಿ, ಮೊದಲ ಮಾತಿಗೇ ಸಿಕ್ಕಿಬೀಳುತ್ತಾನೆ. ನಿನ್ನೆ ಆ ದೃಶ್ಯ ಬರೆದೆ. ದೊರೆ ಕೆಂಡವಾಗಿ, ಇವನನ್ನು ಕೋಟೆಯಿಂದ ಆಚೆ ಹಾಕಲೇ ಅಂತ ಅವಳನ್ನೇ ಕೇಳುತ್ತಾನೆ. ಅವಳು ಕೈಯ ಗ್ರೀಸ್ ಒರೆಸಿಕೊಳ್ಳುತ್ತಾ ಹೇಳುತ್ತಾಳೆ:

“ಅವನು ನನ್ನ ತಮ್ಮ. ಇರಲಿ.”

ಅಕ್ಕ